ಕಾಗದ ಇಲ್ಲದವರ ತೋಟ



ಉದ್ದದ ಬರಹ ಇದು. ಬಸ್ಸಲ್ಲಿ ನಿಂತ್ಕೊಂಡು ಓದೋದು ಬೇಡ. ರಾತ್ರಿ ಊಟ ಆದಮೇಲೆ ಪುರುಸೊತ್ತಾಗಿ ಓದಿ.

ಹೋದ ತಿಂಗಳು ನನ್ನ ಮಗಳಿಗೆ ಸ್ಕೂಲಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯಲ್ಲಿರುವ ಅತ್ಯಂತ ಹಳೆಯ ಪತ್ರ ಹುಡುಕಿ, ಅದರಿಂದ ನಿಮ್ಮ ಕುಟುಂಬದ ಇತಿಹಾಸ ಬರೆದುಕೊಂಡು ಬನ್ನಿ ಅಂತ. ಅವಳ ಕ್ಲಾಸಿನ ಒಬ್ಬ ಹುಡುಗ ಮಾರನೇ ದಿನವೇ ಗಾಜಿನ ಫ್ರೇಮ್ ಹಾಕಿಸಿದ ಕಾಗದ ತಂದಿದ್ದನಂತೆ. ಅವರದು ಕೊಡಗಿನ ಕಡೆ ಕಾಫಿ ತೋಟ. ಅವನ ತಾತನ ತಾತ ತೋಟದಿಂದ ಮನೆಗೆ ಬರೆದಿದ್ದ ಕಾಗದ ಅದು. ಮಳೆ, ಹುಲಿ, ಜ್ವರ, ಹಣ್ಣಿನ ರೇಟು ಎಲ್ಲಾ ಅದರಲ್ಲಿ ಇತ್ತಂತೆ. ಮಗಳು ಸಂಜೆ ಬಂದು ಕೇಳಿದಳು: "ಅಪ್ಪಾ, ನಮ್ಮನೇಲಿ ಯಾವ ಕಾಗದ ಇದೆ?"

ನಾನು ಆಫೀಸಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತ. ಒಳಬಂದ ಪತ್ರಕ್ಕೆ ನಂಬರ್ ಹಾಕೋದು, ಹೊರಹೋಗೋ ಪತ್ರಕ್ಕೆ ನಂಬರ್ ಹಾಕೋದು ನನ್ನ ಕೆಲಸ. ದಿನಾ ನೂರಾರು ಕಾಗದ ಕೈದಾಟಿ ಹೋಗ್ತವೆ. ಅವಳ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಜೆ.ಪಿ. ನಗರದ ನಮ್ಮ ಬಾಡಿಗೆ ಮನೆಯ ಬೀರು ತೆಗೆದು ಎಲ್ಲಾ ಹರಡಿದೆ. ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ನನ್ನ ಬಿ.ಎ. ಮಾರ್ಕ್ಸ್ ಕಾರ್ಡು, ಅಪ್ಪನ ಪಿಂಚಣಿ ಆದೇಶ. ಎಲ್ಲವೂ ಸರ್ಕಾರ ನಮ್ಮ ಬಗ್ಗೆ ಬರೆದ ಕಾಗದ. ನಾವು ಬರೆದದ್ದು ಅಂತ ಸಿಕ್ಕಿದ್ದು ಒಂದೇ ಒಂದು ಇನ್‌ಲ್ಯಾಂಡ್ ಲೆಟರ್. ಅದೂ ನಾವು ಬರೆದದ್ದಲ್ಲ. ಅದರ ಕಥೆ ಕೊನೆಗೆ ಹೇಳ್ತೀನಿ.

ಮೊದಲು ಆ ಹುಡುಗನ ಫ್ರೇಮ್ ಹಾಕಿದ ಕಾಗದದ ಹಿಂದಿನ ಕಥೆ ನೋಡೋಣ. ಯಾಕಂದ್ರೆ ಆ ತೋಟದಲ್ಲಿ ನಮ್ಮವರೂ ಇದ್ದರು.

ಕಾಡು ಕಡಿದು ಬೇಸಾಯ ಮಾಡಿದ ದೂರದ ತೋಟಗಳ ಕಥೆ ಅಂದ್ರೆ ನಮಗೆ ಅಮೆರಿಕಾ ನೆನಪಾಗುತ್ತೆ. 1862ರಲ್ಲಿ ಅಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಬಂತು. ಅರ್ಜಿ ಹಾಕಿ, 5 ವರ್ಷ ಉತ್ತು ವಾಸ ಮಾಡಿದವನಿಗೆ 160 ಎಕರೆ. ಹಾಗೆ ಹೋದ ಬಿಳಿಯರ ಕುಟುಂಬಗಳು ಊರಿಗೆ ಬರೆದ ಕಾಗದಗಳನ್ನು ಅಲ್ಲಿನ ಮ್ಯೂಸಿಯಮ್ಮುಗಳು ಕಣ್ಣಿಗೊತ್ತಿಕೊಂಡು ಕಾಪಾಡಿವೆ. ಆ ನೆಲದಲ್ಲಿ ಮೊದಲಿಂದ ಇದ್ದ ಮೂಲನಿವಾಸಿಗಳನ್ನು ಓಡಿಸಿದ ಮೇಲೇ ಅದು 'ಖಾಲಿ ಜಮೀನು' ಆದದ್ದು ಅನ್ನೋದು ಆ ಕಾಗದಗಳಲ್ಲಿ ಕಮ್ಮಿ.

ನಮ್ಮಲ್ಲೂ ಅದೇ ಕಾಲಕ್ಕೆ ಅಂಥದೇ ಒಂದು ಸೀಮೆ ತೆರೆದುಕೊಳ್ತು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಗೊಂಡರು. 1854ರಲ್ಲಿ ಫೌಲರ್ ಅನ್ನೋ ಬಿಳಿಯ ಮಡಿಕೇರಿಯಲ್ಲಿ ಕಾಫಿ ತೋಟ ಶುರು ಮಾಡಿದ. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ತೋಟ ಅದು. ಮಾರನೇ ವರ್ಷ ಸಂಪಾಜೆ ಘಾಟಿ, ಆಮೇಲೆ ಪೆರಿಯಂಬಾಡಿ ಘಾಟಿ. ಮಂಜರಾಬಾದಿನಲ್ಲಿ, ಅಂದ್ರೆ ಈಗಿನ ಸಕಲೇಶಪುರದ ಕಡೆ, ಇನ್ನೂ ಮುಂಚೆ 1843ರಲ್ಲೇ ಬಿಳಿಯರ ತೋಟ ಶುರುವಾಗಿತ್ತು.

ಇದರಲ್ಲಿ ನಮಗೆ ಬೇಕಾದ ತೋಟ ಒಂದಿದೆ. ಅದರ ಹೆಸರು ಆನಂದಪುರ. ಸಿದ್ದಾಪುರದ ಹತ್ತಿರ, ಆಗ ಬಿದಿರು ಸೀಮೆ ಅಂತ ಕರೀತಿದ್ದ ಜಾಗ. 1856ರಲ್ಲಿ ಅಲ್ಲಿ ಕಾಫಿ ತೋಟವನ್ನೂ ಅದರ ಜೊತೆ ಒಂದು ಊರನ್ನೂ ಕಟ್ಟಿದವರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, 1844ರಲ್ಲಿ ಕ್ರೈಸ್ತರಾಗಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ವಾಪಸ್ ಬಂದವರು. ಅವರ ಜೊತೆಗಿದ್ದವರು ಹರ್ಮನ್ ಮೊಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಅದೇ ಮೊಗ್ಲಿಂಗ್, ನಮ್ಮ ಕನ್ನಡ ಪತ್ರಿಕೆಗಳ ತಾತ. ಕೊಡಗಿನ ಬಗ್ಗೆ 1855ರಲ್ಲಿ ಇಂಗ್ಲಿಷಲ್ಲಿ ಪುಸ್ತಕ ಬರೆದವರೂ ಅವರೇ.

ಆನಂದಪುರದಲ್ಲಿ ನೆಲೆಸಿದವರು ಯಾರು ಗೊತ್ತಾ? ನಮ್ಮವರು. ಹೊಲೆಯ ಸಮುದಾಯದಿಂದ ಕ್ರೈಸ್ತರಾದ ಕುಟುಂಬಗಳು. (ಈ ಹೆಸರನ್ನು ದಾಖಲೆಯಲ್ಲಿ ಇರೋ ಹಾಗೆ ಬಳಸ್ತಿದ್ದೀನಿ. ಬೈಗುಳ ಮಾಡಿದವರು ಅವರು. ನಮ್ಮ ಹಿರಿಯರು ಇದನ್ನ ಹೊಲದವರು ಅಂತಲೇ ಅರ್ಥ ಮಾಡಿಕೊಂಡಿದ್ದರು.)

ಈಗ ಕಾಗದದ ವಿಷಯಕ್ಕೆ ಬರ್ತೀನಿ. ಬಾಸೆಲ್ ಮಿಷನ್‌ನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರತಿ ಪಾದ್ರಿಯೂ ತಾನು ಏನು ಮಾಡಿದೆ, ಏನು ನೋಡಿದೆ ಅಂತ ತಪ್ಪದೆ ಬಾಸೆಲ್‌ಗೆ ವರದಿ ಬರೀಬೇಕು. ನಮ್ಮ ಆಫೀಸಿನ ಮಾಸಿಕ ವರದಿ ಥರ. ಅದರ ಜೊತೆ ಮನೆಯವರಿಗೆ ಬರೆಯೋ ಖಾಸಗಿ ಕಾಗದಗಳು ಬೇರೆ. ಕೌಂಡಿನ್ಯರು 1860ರಲ್ಲಿ ಜರ್ಮನಿಯ ಮೇರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚಿನ ಆ ಕಾಲದಲ್ಲಿ ಕೊಡಗಿನ ಕಾಡಿನ ಒಂದು ಕಾಗದ ಟಪ್ಪಾಲಿನವನ ಕಾಲಲ್ಲಿ ಘಟ್ಟ ಇಳಿದು, ಹಡಗು ಹತ್ತಿ, ಈಜಿಪ್ಟಿನ ಮರಳು ದಾಟಿ, ಮತ್ತೆ ಹಡಗು ಹತ್ತಿ ಯುರೋಪ್ ಸೇರಬೇಕು. ಆದರೂ ಬರೆದರು. ಆ ಕಡೆಯವರು ಒಂದೊಂದನ್ನೂ ಜೋಪಾನ ಮಾಡಿದರು. ಬಾಸೆಲ್ ಮಿಷನ್ನಿನ ಕಡತಗಳು ಇವತ್ತಿಗೂ ಭದ್ರವಾಗಿವೆ. ಆಲ್ಬ್ರೆಕ್ಟ್ ಫ್ರೆಂಜ್ ಅನ್ನೋ ಜರ್ಮನ್ ವಿದ್ವಾಂಸರು 2003ರಲ್ಲಿ ಆನಂದಪುರದ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದರು. ಸ್ವಾತಂತ್ರ್ಯಕ್ಕೆ ಮುಖವಿದೆ ಅಂತ ಅದರ ಹೆಸರಿನ ಅರ್ಥ.

ಒಳ್ಳೆ ಹೆಸರು. ಆದರೆ ಯಾರ ಮುಖ?

ಪಾದ್ರಿ ಬರೆದರು. ಪಾದ್ರಿಯ ಹೆಂಡತಿ ಬರೆದರು. ತೋಟದ ದೊರೆ ಬರೆದ. ಮರ ಕಡಿದವನು, ಗುಂಡಿ ತೋಡಿದವನು, ಸಸಿ ಇಟ್ಟವಳು, ಹಣ್ಣು ಕೊಯ್ದವಳು ಬರೆಯಲಿಲ್ಲ. ಅಂಚೆ ದುಬಾರಿ ಅಂತ ಅಲ್ಲ. 1854ರಲ್ಲೇ ದೇಶದೊಳಗೆ ಎಲ್ಲಿಗೆ ಬೇಕಾದ್ರೂ ಅರ್ಧ ಆಣೆಗೆ ಕಾಗದ ಹೋಗ್ತಿತ್ತು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡೂ ಬಂತು. ಆದರೆ ಅಕ್ಷರವನ್ನೇ ಸಾವಿರಾರು ವರ್ಷ ಮುಟ್ಟೋಕೆ ಬಿಡದೇ ಇದ್ದ ಮೇಲೆ ಅಂಚೆ ಎಷ್ಟು ಅಗ್ಗ ಆದರೇನು?

ಕನ್ನಡದಲ್ಲಿ 'ಕಾಗದ' ಅನ್ನೋ ಪದ ಗಮನಿಸಿ. ಅಂಚೆಯಲ್ಲಿ ಬರೋದೂ ಕಾಗದ, ಜಮೀನಿನ ಪತ್ರವೂ ಕಾಗದ. ಯಾರಿಗೆ ಮೊದಲನೇ ಕಾಗದ ಇರಲಿಲ್ಲವೋ ಅವರಿಗೇ ಎರಡನೇ ಕಾಗದವೂ ಇರಲಿಲ್ಲ. ಇದು ಕಾಕತಾಳೀಯ ಅಲ್ಲ.

ಆ ಕಾಲದ ಇಂಗ್ಲಿಷ್ ಪುಸ್ತಕಗಳು ಈಗ ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಗ್ತವೆ. ಪಕ್ಕದಲ್ಲಿ ಡಿಕ್ಷನರಿ ಇಟ್ಕೊಂಡು ಒಂದೊಂದೇ ಓದ್ತಾ ಬಂದೆ. ಅವುಗಳ ಪ್ರಕಾರ ಇಂಗ್ಲಿಷರು ಬರೋ ಹೊತ್ತಿಗೆ ಕೊಡಗಿನಲ್ಲಿ ನಮ್ಮವರು ಕೂಲಿಗಳೂ ಅಲ್ಲ, ಆಳುಗಳು. ಎರಡು ಥರದ ಆಳು. ಒಂದು, ಭೂಮಿ ಜಮ್ಮದ ಆಳು. ಇವರು ಗದ್ದೆಗೆ ಸೇರಿದವರು. ಗದ್ದೆ ಬಿಟ್ಟು ಬೇರೆ ಕಡೆ ಕೊಂಡೊಯ್ಯೋ ಹಾಗಿಲ್ಲ, ಗದ್ದೆ ಯಾರದೋ ಇವರೂ ಅವರಿಗೇ. ಇನ್ನೊಂದು, ಒಕ್ಕಲು ಜಮ್ಮದ ಆಳು. ಇವರು ಮನೆಗೆ ಸೇರಿದವರು, ಯಜಮಾನನ ಸ್ವಂತ ಸೊತ್ತು. ಮಂಜರಾಬಾದಿನಲ್ಲೂ ಇದೇ ಲೆಕ್ಕ. ಹುಟ್ಟಾಳು, ಮಣ್ಣಾಳು ಅಂತ ಹೆಸರು. ಹುಟ್ಟಿನಿಂದ ಮನೆಯ ಜೀತಕ್ಕೆ ಸೇರಿದವನು ಹುಟ್ಟಾಳು. ಮಣ್ಣಿನ ಜೊತೆ ಕೈ ಬದಲಾಗೋನು ಮಣ್ಣಾಳು. ಕೊಡಗಿನ ಪಣಿಯ ಎರವರ ಪಾಡೂ ಇದರಿಂದ ದೂರ ಇರಲಿಲ್ಲ.

ಮಣ್ಣಾಳು. ಪದ ಎಷ್ಟು ಚೆಂದ ಇದೆ, ಅರ್ಥ ಎಷ್ಟು ಭೀಕರ. ಮನುಷ್ಯನಿಗೆ ಮಣ್ಣಿನ ಮೇಲೆ ಹಕ್ಕು ಇರೋದು ಕೇಳಿದ್ದೀವಿ. ಮಣ್ಣಿಗೆ ಮನುಷ್ಯನ ಮೇಲೆ ಹಕ್ಕು!

1843ರಲ್ಲಿ 5ನೇ ಕಾಯ್ದೆ ಬಂತು. ಗುಲಾಮ ನನ್ನವನು ಅಂತ ಯಾರೇ ಬಂದು ದಾವೆ ಹೂಡಿದರೂ ಕೋರ್ಟು ಒಪ್ಪಬಾರದು ಅಂತ ಅದರ ಸಾರಾಂಶ. ಗುಲಾಮರನ್ನು ಕೊಳ್ಳೋದು ಮಾರೋದು ಅಪರಾಧ ಅಂತ ಆದದ್ದು 1860ರ ದಂಡ ಸಂಹಿತೆಯಲ್ಲಿ. ನಡುವೆ 17 ವರ್ಷ. ಕಾಫಿ ತೋಟಗಳು ಕೊಡಗಿನಲ್ಲಿ ಕಣ್ಣು ಬಿಟ್ಟದ್ದು ಸರಿಯಾಗಿ ಈ ನಡುವಿನ ಕಾಲದಲ್ಲಿ. ಕಾನೂನು ಜೀತವನ್ನು ಒಪ್ಪಲ್ಲ, ಆದರೆ ಅಪರಾಧ ಅಂತಲೂ ಹೇಳಲ್ಲ. ಹೊಸ ದೊರೆಗಳಿಗೆ ಸಾವಿರಾರು ಕೈ ಬೇಕು.

ಆನಂದಪುರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ನಾನು ಮಿಷನರಿಗಳನ್ನು ಪೂರ್ತಿ ಹೊಗಳೋನೂ ಅಲ್ಲ, ಪೂರ್ತಿ ತೆಗಳೋನೂ ಅಲ್ಲ. ಗದ್ದೆಯ ಯಜಮಾನನ ಕೈಯಿಂದ ತಪ್ಪಿಸಿಕೊಂಡು ನಿಲ್ಲೋಕೆ ನಮ್ಮವರಿಗೆ ಒಂದು ಊರು ಅಂತ ಅಲ್ಲಿ ಸಿಕ್ಕಿತು. ಮಿಷನ್‌ನವರು ಹೋದಲ್ಲೆಲ್ಲ ಶಾಲೆ ತೆಗೆದರು, ನಮ್ಮ ಮಕ್ಕಳನ್ನೂ ಕೂರಿಸಿದರು. ಅದು ಚಿಕ್ಕ ಮಾತಲ್ಲ. ಆದರೆ ತೋಟದ ಕಾಗದ ಯಾರ ಹೆಸರಲ್ಲಿತ್ತು? ಯಜಮಾನನ ಜಾಗದಲ್ಲಿ ಮತ್ತೆ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರೇ ಇದ್ದರು, ಕೊರಳಲ್ಲಿ ಶಿಲುಬೆ ಇದ್ದರೂನೂ. ಒಬ್ಬ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನೋದು ಬೇರೆ ಪ್ರಶ್ನೆ. ಲೆಕ್ಕದ ಪುಸ್ತಕ ಯಾರ ಕೈಲಿತ್ತು ಅನ್ನೋದು ನಮ್ಮ ಪ್ರಶ್ನೆ.

ಮಂಜರಾಬಾದಿನ ಕಡೆಗೆ ಬನ್ನಿ. ಅಲ್ಲಿ ರಾಬರ್ಟ್ ಎಲಿಯಟ್ ಅನ್ನೋ ದೊರೆ ಇದ್ದ. 1850ರ ದಶಕದಲ್ಲಿ ಚಿಕ್ಕ ವಯಸ್ಸಲ್ಲೇ ಬಂದು ಕಾಡು ಕಡಿದು ತೋಟ ಮಾಡಿದ. 1871ರಲ್ಲಿ ಒಂದು ಪುಸ್ತಕ, 1894ರಲ್ಲಿ ಇನ್ನೊಂದು. ಕಾಫಿ, ಬೇಟೆ, ಚಿನ್ನದ ಗಣಿ ಎಲ್ಲಾ ಇದೆ ಅದರಲ್ಲಿ. ಜೊತೆಗೆ ಜಾತಿಯ ಮೇಲೂ ಬರೆದಿದ್ದಾನೆ. ಹಳ್ಳಿಯ ಜನಕ್ಕೆ ಜಾತಿಯಿಂದ ಒಳ್ಳೇದೇ ಆಗಿದೆ ಅನ್ನೋ ಥರದ ವಾದ! ಕುಡಿತ ತಡೆಯುತ್ತೆ, ಶಿಸ್ತು ಕಾಪಾಡುತ್ತೆ ಅಂತೆಲ್ಲಾ. ಬಂಗಲೆಯ ವರಾಂಡದಲ್ಲಿ ಕೂತು ನೋಡಿದ್ರೆ ಹಾಗೇ ಕಾಣೋದು. ಲೈನ್ ಮನೆಯ ಬಾಗಿಲಲ್ಲಿ ನಿಂತು ನೋಡಬೇಕಿತ್ತು.

ಅದೇ ಹಾಸನ ಜಿಲ್ಲೆಯ ಬಗ್ಗೆ ಅದೇ ಕಾಲದಲ್ಲಿ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿ ಬರೆದದ್ದು ಬೇರೆಯೇ ಕಥೆ ಹೇಳುತ್ತೆ. ಕ್ಯಾಪ್ಟನ್ ಮೆಕೆಂಜಿ ಅಂತ. 1873ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಆತ ಎರಡು ವಿಷಯ ಬರೆದ.

ಒಂದು, ಬ್ರಾಹ್ಮಣನೊಬ್ಬ ನಮ್ಮ ಕೇರಿಯೊಳಗೆ ಏಟು ತಿನ್ನದೆ ದಾಟಿ ಹೋದರೆ ಅವನಿಗೆ ಅದೃಷ್ಟ ಅನ್ನೋ ನಂಬಿಕೆ ಇತ್ತಂತೆ. ನಮ್ಮವರು ಬಿಡ್ತಿರಲಿಲ್ಲ. ಯಾರಾದ್ರೂ ನುಗ್ಗೋಕೆ ಬಂದ್ರೆ ಕೇರಿಗೆ ಕೇರಿಯೇ ಹೊರಗೆ ಬಂದು ಚಪ್ಪಲಿ ಸೇವೆ ಮಾಡ್ತಿತ್ತು. ಬಾಬಾಸಾಹೇಬರು 1948ರ 'ದ ಅನ್‌ಟಚಬಲ್ಸ್' ಪುಸ್ತಕದಲ್ಲಿ ಇದೇ ಮೆಕೆಂಜಿಯ ಮಾತನ್ನು ಎತ್ತಿಕೊಂಡಿದ್ದಾರೆ. ನಮ್ಮ ಹಾಸನದ ಕೇರಿಯ ಕಥೆ ಬಾಬಾಸಾಹೇಬರ ವಾದಕ್ಕೆ ಸಾಕ್ಷಿ ಆಯ್ತು ಅನ್ನೋದು ನಮ್ಮ ಎಷ್ಟು ಜನಕ್ಕೆ ಗೊತ್ತು?

ಎರಡನೇದು ಕುಳವಾಡಿಯ ಕಥೆ. ಊರಿನ ಗಡಿ ಬಗ್ಗೆ ಜಗಳ ಬಂದ್ರೆ ತೀರ್ಮಾನ ಹೇಳೋ ಅಧಿಕಾರ ಕುಳವಾಡಿಗೆ ಮಾತ್ರ. ಗೌಡನಿಗಲ್ಲ, ಶಾನುಭೋಗನಿಗಲ್ಲ. ಊರ ಮಣ್ಣಿನ ಉಂಡೆ ಮಾಡಿ ತಲೆ ಮೇಲೆ ಹೊತ್ತುಕೊಂಡು ಅವನು ಗಡಿಯ ಉದ್ದಕ್ಕೂ ನಡೀಬೇಕು. ಸರಿಯಾದ ಗಡಿಯಲ್ಲಿ ನಡೆದ್ರೆ ಸರಿ. ಅಪ್ಪಿತಪ್ಪಿ ಆಚೆ ಕಾಲಿಟ್ರೆ ಉಂಡೆ ತಾನಾಗೇ ಒಡೆಯುತ್ತೆ, 15 ದಿನದಲ್ಲಿ ಅವನು ಸಾಯ್ತಾನೆ, ಮನೆ ಹಾಳಾಗುತ್ತೆ ಅಂತ ನಂಬಿಕೆ.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಊರಿನ ಇಂಚಿಂಚು ನೆಲ ಗೊತ್ತಿದ್ದವನು ನಮ್ಮವನು. ಸರ್ವೇ ನಕ್ಷೆ ಅವನ ತಲೆಯೊಳಗೇ ಇತ್ತು. ಗಡಿ ತಪ್ಪಿದ್ರೆ ಸಾಯಬೇಕಾದವನೂ ಅವನೇ. ಆದರೆ ಗಡಿಯೊಳಗಿನ ನೆಲ ಮಾತ್ರ ಅವನದಲ್ಲ. ಆಮೇಲೆ ಸರ್ವೇ ಸಂಕೋಲೆ ಬಂತು, ನಕ್ಷೆ ಬಂತು, ನಂಬರ್ ಬಂತು. ಅವನ ತಲೆಯಲ್ಲಿದ್ದದ್ದು ಶಾನುಭೋಗನ ಕಾಗದಕ್ಕೆ ಹೋಯ್ತು. ಅಲ್ಲಿಗೆ ಕುಳವಾಡಿಯ ಮಾತಿನ ಬೆಲೆಯೂ ಹೋಯ್ತು.

ಜೀತ ಹೋದ ಮೇಲೆ ಏನಾಯ್ತು? ಮುಂಗಡ ಬಂತು. ತೋಟದ ಮೇಸ್ತ್ರಿ ಬಯಲುಸೀಮೆಯ ಕೇರಿಗಳಿಗೆ ಬಂದು ಮುಂಗಡ ಹಂಚಿ ಆಳುಗಳನ್ನು ಘಟ್ಟಕ್ಕೆ ಕರಕೊಂಡು ಹೋಗೋ ಪದ್ಧತಿ. ಈ ಮುಂಗಡದ ಬೆನ್ನಿಗೆ 1859ರಲ್ಲಿ 13ನೇ ಕಾಯ್ದೆ ಬಂತು. ಮುಂಗಡ ತಗೊಂಡವನು ಕೆಲಸ ಮಾಡದೆ ಹೋದರೆ ಮ್ಯಾಜಿಸ್ಟ್ರೇಟು ಅವನಿಗೆ ಕೆಲಸ ಮಾಡು, ಇಲ್ಲಾ ಹಣ ವಾಪಸ್ ಕೊಡು ಅಂತ ಆಜ್ಞೆ ಮಾಡಬಹುದು. ಕೇಳದಿದ್ರೆ 3 ತಿಂಗಳವರೆಗೆ ಜೈಲು. ಯೋಚನೆ ಮಾಡಿ. ದೊರೆ ಕೂಲಿ ಕೊಡದಿದ್ರೆ ದೊರೆ ಜೈಲಿಗೆ ಹೋಗ್ತಿದ್ನಾ? ಇಲ್ಲ. ಸಾಲ ತೀರಿಸದ ಸಾಹುಕಾರ ಸಿವಿಲ್ ಕೋರ್ಟಿಗೆ, ಮುಂಗಡ ತೀರಿಸದ ಕೂಲಿ ಜೈಲಿಗೆ. ಈ ಕಾಯ್ದೆ ತೆಗೆಯೋಕೆ 1925ರವರೆಗೆ ಕಾಯಬೇಕಾಯ್ತು.

ಈಗ ದೊರೆಗಳ ಬರಹವನ್ನು ಮತ್ತೆ ಓದೋಣ. ಅವರ ಬರಹದಲ್ಲಿ ನಮ್ಮವರು ಎಲ್ಲಿ ಬರ್ತಾರೆ? ಹೆಸರಿನ ಜೊತೆ ಬರೋದು ಅಪರೂಪ. ದೂರುಗಳಲ್ಲಿ ಬರ್ತಾರೆ. ನನಗೆ ಇದು ಆಫೀಸಿನ ಅನುಭವದಿಂದ ಗೊತ್ತಾಯ್ತು. ಒಂದು ಕಡತದಲ್ಲಿ ಯಾವ ನೌಕರನ ಹೆಸರು ಜಾಸ್ತಿ ಇರುತ್ತೆ ಅಂದ್ರೆ, ಯಾರ ಮೇಲೆ ಮೆಮೋ ಹೋಗಿದೆಯೋ ಅವನದು. ಸುಮ್ಮನೆ ಕೆಲಸ ಮಾಡಿದವನ ಗುರುತೇ ಇರಲ್ಲ.

ಹಾಗಾಗಿ ದೂರನ್ನೇ ತಿರುಗಿಸಿ ಓದಬೇಕು. 'ಮುಂಗಡ ತಗೊಂಡು ಓಡಿಹೋದರು' ಅಂತ ಬರೆದಿದ್ದರೆ, ತಲೆಮಾರುಗಳ ಕಾಲ ಗದ್ದೆ ಬಿಟ್ಟು ಕದಲೋ ಹಾಗಿಲ್ಲದಿದ್ದ ಮಣ್ಣಾಳು ಮೊದಲ ಸಲ ತನ್ನ ಕಾಲಿನ ಮೇಲೆ ತಾನು ನಡೆದ ಅಂತ ಓದಿಕೊಳ್ಳಿ. 'ಹಬ್ಬಕ್ಕೆ ಹೋದವರು ವಾಪಸ್ ಬರಲಿಲ್ಲ' ಅಂತ ಇದ್ದರೆ, ಅವರಿಗೂ ಊರು ಇತ್ತು, ದೇವರಿತ್ತು, ಕಾಯೋ ತಾಯಿ ಇದ್ದಳು ಅಂತ. 'ಸೋಮಾರಿಗಳು' ಅಂತ ಇದ್ದರೆ, ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಂಡು ಬೆಳಗಿಂದ ಬಗ್ಗಿ ಸಸಿ ಇಟ್ಟವರ ಸೊಂಟ ಬಿದ್ದು ಹೋಗಿತ್ತು ಅಂತ. 'ಕೂಲಿ ಜಾಸ್ತಿ ಕೇಳ್ತಾರೆ' ಅಂತ ಇದ್ದರೆ, ತಮ್ಮ ಕೈಗೆ ಬೆಲೆ ಇದೆ ಅಂತ ಅವರಿಗೆ ಗೊತ್ತಾಯ್ತು ಅಂತ.

ತೋಟದ ವರ್ಷ ಹೇಗಿರ್ತಿತ್ತು ಅನ್ನೋದೂ ಇದೇ ಬರಹಗಳಿಂದ ಗೊತ್ತಾಗುತ್ತೆ, ಕರ್ತೃವನ್ನು ಬದಲಾಯಿಸಿ ಓದಿದ್ರೆ. ದೊರೆ ಬರೆಯೋದು 'ನಾನು 50 ಎಕರೆ ಕಾಡು ತೆಗೆದೆ' ಅಂತ. ಒಂದು ಮರಕ್ಕಾದ್ರೂ ಅವನು ಕೊಡಲಿ ಹಾಕಿರಲ್ಲ. ಬೇಸಿಗೆಯಲ್ಲಿ ಕಾಡು ಕಡಿದು ಸುಡೋದು ನಮ್ಮವರು. ಗುಂಡಿ ತೋಡೋದು, ಮಳೆ ಹಿಡಿದ ಮೇಲೆ ಸಸಿ ಇಡೋದು, ಕಳೆ ತೆಗೆಯೋದು, ಕಪಾತು ಮಾಡೋದು ನಮ್ಮವರು. ಹೂಮಳೆ ಬಿದ್ದು ತೋಟವೆಲ್ಲ ಮಲ್ಲಿಗೆಯ ಹಾಗೆ ಬೆಳ್ಳಗಾದಾಗ ಕಾಗದ ಬರೆಯೋದು ಅವನು. ಚಳಿಗಾಲದಲ್ಲಿ ಹಣ್ಣು ಕೊಯ್ಯೋದು, ಹೊತ್ತು ತರೋದು, ಕಣದಲ್ಲಿ ಹರವಿ ಒಣಗಿಸೋದು ಮತ್ತೆ ನಮ್ಮವರು.

1860ರ ದಶಕದಲ್ಲಿ ಕಾಂಡಕೊರಕ ಹುಳ ಬಂದು ತೋಟಗಳನ್ನು ಹೇಳಹೆಸರಿಲ್ಲದ ಹಾಗೆ ಮಾಡ್ತು. ಡಾಕ್ಟರ್ ಬೀಡಿ ಅನ್ನೋ ಅಧಿಕಾರಿ ತೋಟ ತೋಟ ಸುತ್ತಿ, 1869ರಲ್ಲಿ ಆ ಹುಳದ ಬಗ್ಗೆ ಒಂದು ಇಡೀ ವರದಿ ಬರೆದ. ನೆರಳಿನ ಮರಗಳನ್ನೆಲ್ಲ ಕಡಿದು ಬಯಲು ಮಾಡಿದ ತೋಟಗಳಲ್ಲೇ ಹುಳದ ಕಾಟ ಜಾಸ್ತಿ ಅನ್ನೋದು ಆ ಕಾಲದಲ್ಲಿ ಎಲ್ಲರೂ ಕಲಿತ ಪಾಠ. ಗಿಡಕ್ಕೆ ಹುಳ ಬಿದ್ರೆ ಸರ್ಕಾರದ ವರದಿ. ಲೈನ್ ಮನೆಗೆ ಜ್ವರ ಬಿದ್ರೆ? ದೊರೆಯ ಕಾಗದದಲ್ಲಿ ಅದು 'ಕೂಲಿಗಳ ಕೊರತೆ'.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತೆ. ಆ ಶತಮಾನದಲ್ಲಿ ನಮ್ಮ ಕಡೆಯಿಂದ ಒಂದಾದ್ರೂ ಕಾಗದ ಹೋಯ್ತಾ?

ಹೋಯ್ತು. ಕೊಡಗಿನಿಂದಲ್ಲ, ಧಾರವಾಡದಿಂದ. ಆನಂದಪುರದ ತೋಟ ಶುರುವಾದ ಅದೇ 1856ರಲ್ಲಿ. ಜೂನ್ ತಿಂಗಳು. ಒಬ್ಬ ಮಹಾರ್ ಹುಡುಗ, ನನ್ನನ್ನು ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಸರ್ಕಾರಕ್ಕೆ ಅರ್ಜಿ ಕೊಟ್ಟ. ಬಾಂಬೆ ಸರ್ಕಾರದ ಉತ್ತರ ಏನು? ನ್ಯಾಯ ಅರ್ಜಿದಾರನ ಕಡೆಗೇ ಇದೆ ಅಂತ ಒಪ್ಪಿಕೊಳ್ತು. ಆದರೆ ಒಬ್ಬನಿಗಾಗಿ ಉಳಿದ ಜಾತಿಯವರು ಶಾಲೆ ಬಿಟ್ಟು ಹೋಗೋ ಹಾಗೆ ಮಾಡೋಕೆ ಆಗಲ್ಲ ಅಂತ ಅರ್ಜಿ ತಳ್ಳಿಹಾಕಿತು. ವಿಷಯ ಲಂಡನ್ನಿನವರೆಗೆ ಹೋಯ್ತು. ಸರ್ಕಾರಿ ದುಡ್ಡಲ್ಲಿ ನಡೆಯೋ ಶಾಲೆ ಎಲ್ಲರಿಗೂ ತೆರೆದಿರಬೇಕು ಅನ್ನೋ ತತ್ವ ಕಾಗದದ ಮೇಲಾದ್ರೂ ಬಂದದ್ದು ಈ ಹುಡುಗನ ಅರ್ಜಿಯ ನಂತರ. ಇತಿಹಾಸದ ಪುಸ್ತಕಗಳಲ್ಲಿ ಅವನು 'ಒಬ್ಬ ಮಹಾರ್ ಹುಡುಗ' ಅಷ್ಟೇ. ನನ್ನ ಪಾಲಿಗೆ ನಮ್ಮ ಮನೆಯ ಅತಿ ಹಳೆಯ ಕಾಗದ ಅದೇ.

ಇನ್ನೊಂದು ಕಾಗದ ಅಮೆರಿಕಾದ್ದು. ಜೋರ್ಡನ್ ಆಂಡರ್ಸನ್ ಅಂತ ಒಬ್ಬ ಕಪ್ಪು ಮನುಷ್ಯ. ಟೆನೆಸಿಯ ಒಂದು ಜಮೀನಿನಲ್ಲಿ 32 ವರ್ಷ ಗುಲಾಮನಾಗಿ ದುಡಿದಿದ್ದ. ಬಿಡುಗಡೆ ಆದ ಮೇಲೆ ಒಹಾಯೋಗೆ ಹೋಗಿ ನೆಲೆಸಿದ. ಹಳೆಯ ಯಜಮಾನ ವಾಪಸ್ ಬಂದು ಕೆಲಸ ಮಾಡು ಅಂತ ಕಾಗದ ಬರೆದ. ಆಂಡರ್ಸನ್ 1865ರ ಆಗಸ್ಟಿನಲ್ಲಿ ಹೇಳಿ ಬರೆಸಿದ ಉತ್ತರ ಅಂದ್ರೆ ನಮ್ಮ ಅಕೌಂಟ್ಸ್ ಸೆಕ್ಷನ್ನಿನವರೂ ತಲೆಬಾಗಬೇಕು. ನನಗೆ ತಿಂಗಳಿಗೆ 25 ಡಾಲರಿನ ಹಾಗೆ 32 ವರ್ಷ, ನನ್ನ ಹೆಂಡತಿಗೆ ವಾರಕ್ಕೆ 2 ಡಾಲರಿನ ಹಾಗೆ 20 ವರ್ಷ, ಒಟ್ಟು 11,680 ಡಾಲರ್ ಬಾಕಿ. ಇದಕ್ಕೆ ಬಡ್ಡಿ ಸೇರಿಸಿ. ನೀವು ಕೊಡಿಸಿದ ಬಟ್ಟೆ, ಡಾಕ್ಟರ ಖರ್ಚು, ಹೆಂಡತಿಯ ಒಂದು ಹಲ್ಲು ಕೀಳಿಸಿದ ಖರ್ಚು ಕಳೆಯಿರಿ. ಉಳಿದದ್ದು ಕಳಿಸಿ, ಆಮೇಲೆ ನಂಬಿಕೆ ಬರುತ್ತೆ ಅನ್ನೋ ಅರ್ಥದಲ್ಲಿ ಬರೆಸಿದ. ನಾನು ಕ್ಯಾಲ್ಕುಲೇಟರ್ ತಗೊಂಡು ಲೆಕ್ಕ ಹಾಕಿದೆ. ಒಂದು ಡಾಲರೂ ತಪ್ಪಿಲ್ಲ.

ಕೊಡಗಿನ ಒಬ್ಬ ಭೂಮಿ ಜಮ್ಮದ ಆಳು ಹೀಗೆ ಬಿಲ್ ಮಾಡಿದ್ರೆ ಎಷ್ಟಾಗ್ತಿತ್ತು?

ಈಗ ನಮ್ಮ ಮನೆಯ ಆ ಇನ್‌ಲ್ಯಾಂಡ್ ಲೆಟರ್.

ನಮ್ಮ ಅಜ್ಜಿ ಪಿರಿಯಾಪಟ್ಟಣದ ಕಡೆಯವಳು. ಅವಳೂ ತಾತನೂ ಮೇಸ್ತ್ರಿಯ ಮುಂಗಡಕ್ಕೆ ಕೊಡಗಿನ ತೋಟಕ್ಕೆ ಹೋದವರು. ನಮ್ಮಪ್ಪ ಹುಟ್ಟಿದ್ದೂ ಲೈನ್ ಮನೆಯಲ್ಲೇ. ಅಜ್ಜಿ ತೋಟದಿಂದ ತನ್ನ ಅವ್ವನಿಗೆ ಕಳಿಸಿದ ಕಾಗದ ಅದು, 1960ರ ದಶಕದ್ದು. ನೀಲಿ ಬಣ್ಣ ಮಾಸಿದೆ, ಮಡಿಕೆಯಲ್ಲಿ ಹರಿದಿದೆ. ಒಳಗೆ ಇರೋದು ಇಷ್ಟೇ. ನಾವೆಲ್ಲ ಕ್ಷೇಮ, ಮಗು ಕ್ಷೇಮ, ಇಲ್ಲಿ ಮಳೆ ಜಾಸ್ತಿ, ದಣಿಗಳು ಚೆನ್ನಾಗಿ ನೋಡ್ಕೋತಾರೆ, ಉಗಾದಿಗೆ ಬರ್ತೀವಿ.

ಚಿಕ್ಕವನಿದ್ದಾಗ ಅಜ್ಜಿಯನ್ನ ಕೇಳಿದ್ದೆ. "ಅಜ್ಜಿ, ದಣಿ ಅಷ್ಟು ಒಳ್ಳೆಯವರಾ?"

ಅಜ್ಜಿ ಎಲೆಅಡಿಕೆ ಉಗಿದು ಹೇಳಿದಳು: "ಬರ್ದೋನು ತೋಟದ ರೈಟ್ರು ಕಣಪ್ಪಾ. ಅವನ ಮುಂದೆ ಇನ್ನೇನ್ ಹೇಳನ?"

ಆ ಮಾತು ನನಗೆ ಅರ್ಥ ಆಗೋಕೆ 30 ವರ್ಷ ಬೇಕಾಯ್ತು. ಬರೆದವನು ತೋಟದ ರೈಟರು, ಚೆಕ್‌ರೋಲ್ ಬರೆಯೋನೂ ಅವನೇ, ಕೂಲಿ ಹಿಡಿಯೋನೂ ಅವನೇ. ಆ ಕಡೆ ಊರಲ್ಲಿ ಓದಿ ಹೇಳಿದವರು ಶಾಲೆ ಮೇಷ್ಟ್ರು. ಅವರು ಜಗಲಿ ಮೇಲೆ, ನಮ್ಮ ಮುತ್ತಜ್ಜಿ ಅಂಗಳದಲ್ಲಿ. ತಾಯಿ ಮಗಳ ನಡುವಿನ ಕಾಗದ ಎರಡೂ ತುದಿಯಲ್ಲಿ ಬೇರೆಯವರ ಬಾಯಿಂದ ಹೋಗಬೇಕಿತ್ತು. ಆ ವರ್ಷವೇ ಅಜ್ಜಿಯ ಎರಡನೇ ಮಗು ಜ್ವರದಲ್ಲಿ ತೀರಿಹೋಗಿತ್ತು. ಕಾಗದದಲ್ಲಿ ಅದಿಲ್ಲ. ಹತ್ತಡಿ ಕೋಣೆಯಲ್ಲಿ ಎರಡು ಸಂಸಾರ ಇದ್ದದ್ದು ಇಲ್ಲ. ಆನೆ ಬಂದು ಪಕ್ಕದ ಲೈನಿನ ಹೆಂಗಸನ್ನ ತುಳಿದದ್ದು ಇಲ್ಲ. ಬಂಗಲೆಯ ಅಡುಗೆಮನೆಯ ಹಿಂದೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಕೊಡ್ತಿದ್ದದ್ದು ಇಲ್ಲ. ತಾವೇ ಕೊಯ್ದ ಹಣ್ಣಿನ ಕಾಫಿ!

ಇದನ್ನೆಲ್ಲಾ ಅಜ್ಜಿ ಬಾಯಲ್ಲಿ ಹೇಳಿದ್ದಳು. ನಾನು ಬರೆದುಕೊಂಡಿರಲಿಲ್ಲ. ಅವಳು ಹೋಗಿ ಈಗ ಬಹಳ ವರ್ಷ ಆಯ್ತು. ನೆನಪಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ. ಇದು ನನ್ನ ತಪ್ಪು. ಇದನ್ನ ಯಾವ ದೊರೆಯ ಮೇಲೂ ಹಾಕೋಕೆ ಆಗಲ್ಲ.

ಇದೆಲ್ಲಾ ಹಳೇ ಕಥೆ ಅಂತ ಅಂದ್ಕೊಬೇಡಿ. 2016ರ ಡಿಸೆಂಬರ್ ನೆನಪಿದೆಯಾ? ದಿಡ್ಡಳ್ಳಿ. ಅದೂ ಸಿದ್ದಾಪುರ, ಮಾಲ್ದಾರೆ ಭಾಗವೇ, ಹಳೆಯ ಬಿದಿರು ಸೀಮೆ. ತೋಟಗಳ ಲೈನ್ ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಮೇಲೆ ಜೆಸಿಬಿ ಹೋಯ್ತು. ಚಳಿಯಲ್ಲಿ ಮಕ್ಕಳನ್ನ ಮಡಿಲಲ್ಲಿ ಇಟ್ಕೊಂಡು ಹೆಂಗಸರು ಅಲ್ಲೇ ಕೂತರು, ಕದಲಲಿಲ್ಲ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯ್ತು. ಅವತ್ತು ಅವರನ್ನ ಕೇಳಿದ ಪ್ರಶ್ನೆ ಏನು? "ನಿಮ್ಮ ಹತ್ತಿರ ಕಾಗದ ಇದೆಯಾ?" ತಲೆಮಾರುಗಳಿಂದ ಆ ಮಣ್ಣಲ್ಲಿ ದುಡಿದವರಿಗೆ ಕೇಳೋ ಪ್ರಶ್ನೆ! ಲೈನ್ ಮನೆಯಲ್ಲಿ ಇದ್ದಷ್ಟು ದಿನ ಮನೆ ತೋಟದವರದು. ಕೆಲಸ ಬಿಟ್ಟ ದಿನ ಮನೆಯೂ ಇಲ್ಲ, ವಿಳಾಸವೂ ಇಲ್ಲ. ಮಣ್ಣಾಳು ಅನ್ನೋ ಪದ ಹೋಗಿದೆ, ವ್ಯವಸ್ಥೆ ಪೂರ್ತಿ ಹೋಗಿಲ್ಲ.

ಹಾಗಾದ್ರೆ ಏನು ಮಾಡಬೇಕು? ಅಮೆರಿಕಾದಲ್ಲಿ 1936ರಿಂದ 1938ರವರೆಗೆ ಸರ್ಕಾರವೇ ಬರಹಗಾರರನ್ನ ಕಳಿಸಿ, ಹಿಂದೆ ಗುಲಾಮರಾಗಿದ್ದ ವೃದ್ಧರನ್ನ ಹುಡುಕಿ ಮಾತಾಡಿಸಿ ಬರೆಸ್ತು. 2,300ಕ್ಕೂ ಹೆಚ್ಚು ಜನರ ಮಾತು ಹಾಗೆ ಉಳೀತು. ಅದರಲ್ಲೂ ಅಜ್ಜಿಯ ಕಾಗದದ ಸಮಸ್ಯೆ ಇತ್ತು. ಕೇಳೋಕೆ ಹೋದವರಲ್ಲಿ ಬಹಳ ಜನ ಬಿಳಿಯರು, ಅವರ ಮುಂದೆ ಮುದುಕರು ಎಲ್ಲಾ ಹೇಳಲಿಲ್ಲ. ಅದಕ್ಕೇ ಹೇಳೋದು, ನಮ್ಮವರನ್ನ ನಾವೇ ಕೇಳಬೇಕು. ನಮ್ಮ ಕೈಲಿ ಈಗ ಫೋನಿದೆ, ರೆಕಾರ್ಡ್ ಬಟನ್ ಇದೆ, ರೈಟರು ಬೇಡ.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಘಟ್ಟಕ್ಕೆ, ತೋಟಕ್ಕೆ, ಕೆ.ಜಿ.ಎಫ್. ಗಣಿಗೆ, ಇಟ್ಟಿಗೆ ಗೂಡಿಗೆ ಹೋಗಿ ಬಂದ ಹಿರಿಯರು ಇದ್ದರೆ ಈ ಭಾನುವಾರವೇ ಹೋಗಿ ಕೂತ್ಕೊಳ್ಳಿ. ದೊಡ್ಡ ಪ್ರಶ್ನೆ ಬೇಡ. ಮೇಸ್ತ್ರಿ ಯಾರು? ಮುಂಗಡ ಎಷ್ಟು? ಬೆಳಗ್ಗೆ ಎಷ್ಟು ಹೊತ್ತಿಗೆ ಏಳಿಸ್ತಿದ್ದರು? ಏನು ತಿಂತಿದ್ರಿ, ಯಾವುದರಲ್ಲಿ ಕುಡೀತಿದ್ರಿ? ಹೆರಿಗೆ ಎಲ್ಲಾಯ್ತು? ಯಾವ ಹಾಡು ಹೇಳ್ತಿದ್ರಿ? ಓಡಿ ಬಂದದ್ದು ಇದ್ರೆ ಯಾಕೆ, ಹೇಗೆ? ಅವರ ಮಾತನ್ನ ತಿದ್ದಬೇಡಿ, ಅವರು ಹೇಳಿದ ಹಾಗೇ ಬರೀರಿ. ಜಾಗದ ಹೆಸರು, ಅಂದಾಜು ವರ್ಷ ಹಾಕಿ. ಅವರ ಒಪ್ಪಿಗೆ ಇದ್ರೆ ಮಾತ್ರ ಹೆಸರು ಹಾಕಿ.

ಮಗಳು ಕೊನೆಗೆ ಆ ಇನ್‌ಲ್ಯಾಂಡ್ ಲೆಟರ್ ತಗೊಂಡು ಹೋದಳು. ಒಂದು ಹಾಳೆಯ ಎಡಕ್ಕೆ ಅದನ್ನ ಅಂಟಿಸಿ ಮೇಲೆ 'ಕಾಗದದಲ್ಲಿ ಇರುವುದು' ಅಂತ ಬರೆದಳು. ಬಲಕ್ಕೆ 'ಕಾಗದದಲ್ಲಿ ಇಲ್ಲದ್ದು' ಅಂತ ಬರೆದು, ನಾನು ಹೇಳ್ತಾ ಹೋದದ್ದನ್ನೆಲ್ಲ ಬರ್ಕೊಂಡಳು. ಬಲಗಡೆ ಜಾಗ ಸಾಲದೆ ಇನ್ನೂ ಎರಡು ಹಾಳೆ ಸೇರಿಸಬೇಕಾಯ್ತು.

ನಮ್ಮ ಮನೆಯಲ್ಲಿ ನಮ್ಮ ಕೈಯಿಂದಲೇ ಬರೆದ ಮೊದಲ ಇತಿಹಾಸ ಅದು. ಫ್ರೇಮ್ ಹಾಕಿಸ್ತಿದ್ದೀನಿ.

ನಿಮ್ಮ ಮನೆಯ ಕಾಗದದಲ್ಲಿ ಇಲ್ಲದ್ದು ಏನು? ಕೆಳಗೆ ಬರೀರಿ.

ಜೈ ಭೀಮ್.